ಬೆಟ್ಟದ ಮೇಲಿಂದ ಚರಗ

“ಹುಲ್ಲುಲ್ಲಿಗೋ!”

ಎಳ್ಳಮಾವಾಸ್ಯೆಯ ಬೆಳಿಗ್ಗೆ ನೃಪತುಂಗ ಬೆಟ್ಟದ ತುದಿಯಲ್ಲಿ ಈ ಕೂಗು ಕೇಳಿ, ವಾಕಿಂಗಿಗೆ ಬಂದಿದ್ದ ನಾವೆಲ್ಲ ಗಕ್ಕನೆ ನಿಂತೆವು. ಕೆಳಗೆ ಉಣಕಲ್ ಕೆರೆ ಆಗಷ್ಟೇ ಮಂಜಿನಿಂದ ಹೊರಬರುತ್ತಿತ್ತು. ಇಳಕಲ್ ಸೀರೆಯ ಅಜ್ಜಿಯೊಬ್ಬರು ಬುಟ್ಟಿಯಿಂದ ಕಡುಬು, ಸಜ್ಜಿ ರೊಟ್ಟಿ ಮುರಿದು ಗಾಳಿಗೆ ಎಸೆಯುತ್ತಿದ್ದರು. ಹೊಲಕ್ಕೆ ಉಣಿಸುವ ಚರಗ ಅದು; ಆ ಕೂಗೂ ಅದರದೇ. ಆದರೆ ಬೆಟ್ಟದ ಮೇಲೆ ಹೊಲವೆಲ್ಲಿ?

ಕೇಳಿಯೇ ಬಿಟ್ಟೆ. ಅಜ್ಜಿ ಬೈರಿದೇವರಕೊಪ್ಪದ ಹೊಸ ಮನೆಗಳತ್ತ ಕೈ ಮಾಡಿದರು. “ಅಲ್ಲಿತ್ತು. ಮಾರೇವಿ, ಖರೇ. ಮಾರಿದ್ರ ಭೂಮ್ತಾಯಿಗೆ ಹಸಿವು ಆಗೂದಿಲ್ಲೇನು? ಅಲ್ಲಿ ಎಲ್ಲಾ ಕಾಂಪೌಂಡು. ಇಲ್ಲಿಂದ ಎಸದ್ರ ಯಾರೂ ಅಡ್ಡ ಬರೂದಿಲ್ಲ.”

 “ನಮ್ಮ ಮನಿನೂ ಅಲ್ಲೇ ಐತ್ರಿ, ಅಜ್ಜಿ” ಎಂದೆ.

ಬೈಯುತ್ತಾರೇನೋ ಎಂದುಕೊಂಡರೆ, ಅವರ ಮುಖ ಅರಳಿತು. “ಹಂಗಾದ್ರ ನಮ್ಮ ಹೊಲದಾಗ ಅದೀ! ಬಾ ಯವ್ವಾ. ಚರಗದ ದಿನ ಹೊಲದಾಗ ಇದ್ದವರು ಉಣ್ಣದ ಹೋಗಬಾರದು.” ನನ್ನ ಅಂಗೈ ಮೇಲೆ ಇಡೀ ಕಡುಬೊಂದನ್ನು ಇಟ್ಟರು.

ನಮ್ಮ ಮನೆಯ ವಾಸ್ತುಶಾಂತಿ ಎಂದೋ ಆಗಿತ್ತು. ಆದರೆ ಆ ನೆಲ ನಮ್ಮನ್ನು ಒಳಗೆ ಕರೆದದ್ದು ಅವತ್ತು, ಬೆಟ್ಟದ ಮೇಲೆ.