ಕಂಪ್ಯೂಟರಿನೊಳಗೆ ನನ್ನ ಗಂಡನ ಮೀಸೆ

ನನ್ನ ಗಂಡನ ಮರ್ಯಾದೆ ಹೋಗುತ್ತಿರುವ ಸುದ್ದಿ ನನಗೆ ಸಿಕ್ಕಿದ್ದು ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ.

"ಎಂತದೇ, ನಿನ್ ಗಂಡಂಗೆ ಹೈಸ್ಕೂಲ್ ಮಕ್ಕಳೂ ಸಿಕ್ಸ್ ಹೊಡೀತಾರಂತೆ?" ಎಂದಳು ಪಕ್ಕದ ಬುಟ್ಟಿಯವಳು.

ಮೈಯೆಲ್ಲ ಉರಿದುಹೋಯಿತು. ನಮ್ಮೂರು ಕಾಸರಕೋಡಿನ ಎಡಗೈ ವೇಗಿ ನನ್ನ ಗಂಡ ಎಂದರೆ ಭಟ್ಕಳದಿಂದ ಕುಮಟಾದವರೆಗೆ ಟೆನಿಸ್ ಬಾಲ್ ಪಂದ್ಯದವರು ನಡುಗುತ್ತಿದ್ದರು. ಬಲೆ ಎಳೆಯುವಾಗ ಭುಜ ಕೆಟ್ಟು ಅವರು ಆಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಆಡದೇ ಇದ್ದವರಿಗೆ ಸಿಕ್ಸ್ ಹೊಡೆಯುವುದು ಹೇಗೆ?

ಎಲ್ಲ ನನ್ನ ತಮ್ಮನ ಕಾರುಬಾರು. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿ. ಶಾಲೆ ಬಿಟ್ಟ ಹುಡುಗರೆಲ್ಲ ಅಲ್ಲಿ ಕ್ರಿಕೆಟ್ ಗೇಮ್ ಆಡುತ್ತಿದ್ದರು. ಗೇಮಿನವರಿಗೆ ನಿಜವಾದ ಆಟಗಾರರ ಒಪ್ಪಿಗೆ ಇರಲಿಲ್ಲವೋ ಏನೋ, ಹೆಸರುಗಳನ್ನೆಲ್ಲ ಅಡ್ಡಾದಿಡ್ಡಿ ಮಾಡಿ ಹಾಕಿದ್ದರು. ಅವನ್ನು ಅಳಿಸಿ ಬೇರೆ ಬರೆಯಬಹುದು ಎಂದು ಗೊತ್ತಾದದ್ದೇ ತಡ, ತಮ್ಮ ನಮ್ಮೂರ ಟೀಮನ್ನೇ ಒಳಗೆ ಕೂರಿಸಿಬಿಟ್ಟ. ಭಾವನಿಗಾಗಿ ಹುಡುಕಿದ್ದು ದಪ್ಪ ಮೀಸೆಯ ಎಡಗೈಯವನನ್ನು. ಅಂಥವನು ಒಬ್ಬನೇ ಇದ್ದ, ಅವನೂ ಸ್ಪಿನ್ನರ್. ಅವನ ನಿಧಾನದ ಚೆಂಡಿಗೆ ಹುಡುಗರೆಲ್ಲ ಸಿಕ್ಸ್ ಹೊಡೆಯುತ್ತಿದ್ದರು.

ವಿಷಯ ತಿಳಿದದ್ದೇ ನನ್ನ ಗಂಡ ಅಂಗಡಿಗೆ ನುಗ್ಗಿದರು. "ಯಾರನ್ನ ಕೇಳಿ ನನ್ನ ಹೆಸ್ರು ಹಾಕ್ದೆ?"

"ಭಾವ, ಮೀಸೆ ನೋಡಿ, ಥೇಟ್ ನೀವೇ!"

"ಮೀಸೆ ಬಾಲ್ ಹಾಕ್ತದ್ಯನಾ?"

ಮಾತು ಬೆಳೆದು, ಮರುದಿನ ಇವರು ವಕೀಲರ ಮನೆಗೆ ಹೊರಟೇಬಿಟ್ಟರು. ತಮ್ಮನ ಮೇಲೆ ಕೇಸು ಬಿದ್ದೀತೆಂದು ಹೆದರಿ ನಾನೂ ಬೆನ್ನಿಗೆ ಬಿದ್ದೆ. ವಕೀಲರು ಒಂದು ಕಾಲದಲ್ಲಿ ಕುಮಟಾ ಟೀಮಿಗೆ ಬ್ಯಾಟು ಹಿಡಿದು, ಇವರ ಚೆಂಡು ತಿಂದವರೇ. ನಗು ತಡೆದುಕೊಂಡು ಎಲ್ಲ ಕೇಳಿದರು.

"ತಮಾಷೆ ಅಲ್ಲ ಇದು. ಹೊರದೇಶದಲ್ಲಿ ಆಟಗಾರರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದಾರೆ. ನಿಮ್ಮ ಹೆಸರು, ನಿಮ್ಮ ಚಹರೆ ನಿಮ್ಮದು. ತೆಗೆಸಿಬಿಡುವಾ?"

ಇವರು ಕೆಟ್ಟ ಭುಜ ಉಜ್ಜಿಕೊಳ್ಳುತ್ತ, "ತೆಗ್ಸೂದು ಬ್ಯಾಡ. ಜೋರು ಹಾಕೂ ಹಂಗೆ ಮಾಡ್ಲಿ, ಸಾಕು" ಎಂದರು.

ಆದರೆ ತಮ್ಮನಿಗೆ ಬದಲಿಸಲು ಬರುತ್ತಿದ್ದದ್ದು ಹೆಸರು ಮಾತ್ರ. ಗೇಮಿನಲ್ಲಿದ್ದ ಎಡಗೈ ವೇಗಿಯ ಮುಖ ನುಣ್ಣಗಿತ್ತು. "ಭಾವ, ಮೀಸೆ ಬೇಕಾ, ಸ್ಪೀಡ್ ಬೇಕಾ?" ಎಂದು ಕೇಳಿದ.

ಇವರು ಎದ್ದು ಹೋದರು. ಸಂಜೆ ಮೀಸೆ ಬೋಳಿಸಿಕೊಂಡು ಹಿತ್ತಲ ಬಾಗಿಲಿನಿಂದ ಮನೆಗೆ ಬಂದರು. ಆ ತುಟಿಯನ್ನು ನಾನು ಕಂಡದ್ದು ಅದೇ ಮೊದಲು. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ, ಚೆಂದವೂ ಕಂಡಿತು.

ನಮ್ಮಲ್ಲಿ ಹೆತ್ತವರು ತೀರಿಕೊಂಡರೆ ಮಾತ್ರ ಗಂಡಸು ಮೀಸೆ ತೆಗೆಯುವುದು. ಮಾವ ನಮ್ಮ ಮದುವೆಗೆ ಮೊದಲೇ ಹೋಗಿದ್ದರು, ಉಳಿದವರು ಅತ್ತೆಯೊಬ್ಬರೇ. ಇವರು ಬೋಳು ಮುಖ ಹೊತ್ತು ಕಾಸರಕೋಡಿನ ನಡುವೆಯೇ ನಡೆದು ಬಂದಿದ್ದರು. ದೀಪ ಹಚ್ಚುವಷ್ಟರಲ್ಲಿ ಕೇರಿಯ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತ ಅಂಗಳಕ್ಕೆ ಬಂದರು. ನನ್ನ ಅತ್ತೆ ಜಗಲಿಯಲ್ಲಿ ಕೂತು ಬಂಗಡೆ ಮೀನು ಹೆಚ್ಚುತ್ತಿದ್ದರು.

"ಯಾರು ಹೋದ್ರೇ?" ಎಂದರು ಅತ್ತೆ.

ಅಷ್ಟರಲ್ಲಿ ಇವರು ಬೋಳು ಮುಖದಲ್ಲೇ ಹೊರಗೆ ಬಂದರು. "ನಾ ಬದ್ಕಿದ್ದಂಗೇ ಮೀಸೆ ತೆಗ್ದ್ಯನಾ!" ಎಂದು ಅತ್ತೆ ಕೈಯಲ್ಲಿದ್ದ ಬಂಗಡೆಯನ್ನೇ ಮಗನ ಮೇಲೆ ಎಸೆದರು. ಅಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಅತ್ತೆ, ಆ ಕಂಪ್ಯೂಟರನ್ನು ಒಡೆದೇ ಬರುತ್ತೇನೆಂದು ನನ್ನನ್ನು ಎಳೆದುಕೊಂಡು ಅಂಗಡಿಗೆ ಹೊರಟರು. ಒಳಗೆ ಹುಡುಗರ ಗಲಾಟೆ. ಪರದೆಯ ಮೇಲೆ ಇವರ ಹೆಸರಿನವನು ಓಡಿ ಬಂದ, ಎಡಗೈ ಎತ್ತಿದ, ಸ್ಟಂಪು ಹಾರಿತು. ಹುಡುಗರು ಕೇಕೆ ಹಾಕಿದರು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನನ್ನ ಗಂಡನ ಕೇಕೆ ಎಲ್ಲರಿಗಿಂತ ಜೋರು.

ಅತ್ತೆ ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಕೈ ಪೂರಾ ಮೇಲೆ ಎತ್ತಿದ, ಕಂಡ್ಯೇ?" ಎಂದರು. ಆಮೇಲೆ ನನ್ನ ತಮ್ಮನ ಕಡೆ ತಿರುಗಿ, "ಇನ್ನೊಂದ್ ಸಲ ಹಾಕ್ಸಾ" ಎಂದರು.