ಮೇಸ್ತ್ರಿಯನ್ನು ಬಿಟ್ಟು ಸಮ್ಮೇಳನಕ್ಕೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಭಾಲ್ಕಿಯ ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದರು. ನರ್ಸಿಂಗ್ ಮುಗಿಸಿದ ಮೇಲೆ ಆ ಚಕ್ರಕ್ಕೆ ತಕ್ಕ ಕೆಲಸವೇ ಸಿಕ್ಕಿತು. ಬೀದರಿನ ಒಂದು ಸಣ್ಣ ಸೇವಾಸಂಸ್ಥೆಯವರ ಹತ್ತಿರ ಒಂದು ಜೀಪು, ಒಬ್ಬ ಡಾಕ್ಟರ್ ಮೇಡಂ, ಒಬ್ಬ ಡ್ರೈವರ್ ಇದ್ದರು. ಇನ್ನು ಗುಣವಾಗುವುದಿಲ್ಲ ಎಂದು ಆಸ್ಪತ್ರೆಗಳು ಕೈ ಚೆಲ್ಲಿದ ರೋಗಿಗಳ ಮನೆಗೆ ಹೋಗಿ ನೋವು ಕಡಿಮೆ ಮಾಡುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಧೈರ್ಯ ಹೇಳುವುದು ನಮ್ಮ ಕೆಲಸ. ಉಪಶಾಮಕ ಆರೈಕೆ ಎಂದು ಅದಕ್ಕೆ ದೊಡ್ಡ ಹೆಸರಿದೆ. ಹಳ್ಳಿಯವರು ಮಾತ್ರ ನಮ್ಮದನ್ನು 'ನೋವಿನ ಗಾಡಿ' ಎನ್ನುತ್ತಿದ್ದರು. ನನಗೆ ಆ ಹೆಸರೇ ಇಷ್ಟವಾಗಿತ್ತು.

ಅದು ಬರದ ಎರಡನೆಯ ವರ್ಷ. ಔರಾದ ತಾಲೂಕಿನಲ್ಲಿ ತೊಗರಿ ಹೂವಿನಲ್ಲೇ ಒಣಗಿತ್ತು. ಸಂಕ್ರಾಂತಿ ಕಳೆದದ್ದೇ ತಡ, ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಹೊರಟರು. ನಾವು ಹೋದ ಓಣಿಗಳಲ್ಲೆಲ್ಲ ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಟ್ಯಾಂಕರಿನ ದಾರಿ ಕಾಯುವ ಖಾಲಿ ಕೊಡಗಳು. ಅದೇ ವರ್ಷ ನಮ್ಮ ಮೇಡಂ ಒಂದು ಪ್ರಬಂಧ ಬರೆದರು. ಬರದ ನಾಡಿನಲ್ಲೂ ನಮ್ಮಂಥವರು ಮನೆ ಬಾಗಿಲಿಗೆ ಹೋದರೆ ರೋಗಿಗಳು ತಮ್ಮ ಇಷ್ಟದಂತೆ ಮನೆಯಲ್ಲೇ ಕೊನೆಯ ದಿನ ಕಳೆಯಬಹುದು ಎಂಬುದು ಅದರ ಸಾರ. ಹೈದರಾಬಾದಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಪೋಸ್ಟರಾಗಿ ತೂಗುಹಾಕಿ ತೋರಿಸಲು ಜಾಗ ಸಿಕ್ಕಿತು. ರೋಗಿಗಳನ್ನು ಕೇಳಿ ಪ್ರಶ್ನಾವಳಿ ತುಂಬಿದವಳು ನಾನು. ಹಾಗಾಗಿ ಪೋಸ್ಟರಿನ ಮುಂದೆ ನಿಂತು ವಿವರಿಸುವುದೂ ನನ್ನ ಪಾಲಿಗೆ ಬಂತು. ನಾನಂತೂ ನೆಲದ ಮೇಲೆ ಇರಲಿಲ್ಲ. ಜೀಪಿನಲ್ಲಿ ಕೂತಲ್ಲೇ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ಆ ಪ್ರಶ್ನಾವಳಿಯಲ್ಲಿ ಕೊನೆಯದೊಂದು ಪ್ರಶ್ನೆ ಇತ್ತು: ಕೊನೆಯ ದಿನಗಳನ್ನು ಎಲ್ಲಿ ಕಳೆಯಲು ಬಯಸುತ್ತೀರಿ? ಮನೆ, ಆಸ್ಪತ್ರೆ, ಇತರೆ. ಎಲ್ಲರೂ ಮನೆ ಎಂದರು. ಪೋಸ್ಟರು ಅಚ್ಚಾಗುವ ಮುಂಚೆ ಕೊನೆಯದಾಗಿ ಕೇಳಿದ, ಠಾಣಾ ಕುಶನೂರಿನಿಂದ ಸ್ವಲ್ಪ ಒಳಗಿನ ಹಳ್ಳಿಯ ಮೇಸ್ತ್ರಿ ಒಬ್ಬರು ಮಾತ್ರ ಹೈದರಾಬಾದ್ ಎಂದರು.

ಅವರಿಗೆ ಐವತ್ತರ ಆಸುಪಾಸು. ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಮಳೆ ಕೈಕೊಟ್ಟಾಗಲೆಲ್ಲ ಊರಿನ ಗಂಡಸರನ್ನು ಕಟ್ಟಿಕೊಂಡು ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆ ಹೋಗುತ್ತಿದ್ದವರು ಅವರೇ. ಆ ವರ್ಷ ಅವರ ಆರು ಜನರ ತಂಡ ತಮ್ಮನ ಮುಂದಾಳತ್ವದಲ್ಲಿ ಹೋಗಿತ್ತು. ಹೆಂಡತಿ ಮತ್ತು ಅವರು ಮಾತ್ರ ಉಳಿದಿದ್ದರು. ನಾನು ಹೊರಡುವುದು ಅವರಿಗೆ ಹೇಗೋ ತಿಳಿದಿತ್ತು.

"ಸಿಸ್ಟರ್, ನಿಮ್ಮ ಗಾಡಿ ಹೈದರಾಬಾದಿಗೆ ಹೊಂಟದಂತ. ನನ್ನನ್ನೂ ಕರ್ಕೊಂಡು ಹೋಗ್ರಿ," ಎಂದರು. "ನಾ ಇಲ್ಲಿ ಸತ್ರ ಅವರು ಆರೂ ಮಂದಿ ಕೆಲಸ ಬಿಟ್ಟು ಬರ್ತಾರ. ಸೂತಕದ ದಿನ ಮುಗಿಯೋ ತನಕ ಇಲ್ಲೇ ಕೂಡ್ತಾರ. ಅಷ್ಟರಾಗ ಗುತ್ತೇದಾರ ಬ್ಯಾರೆ ಮಂದಿ ಹಚ್ಚತಾನ. ಅಲ್ಲೇ ಸತ್ರ ಒಂದು ಹೊತ್ತಿನಾಗ ಮಣ್ಣು ಮಾಡಿ ಮತ್ತ ಕೆಲಸಕ್ಕ ಹತ್ತತಾರ."

ನಾನು ಅವರ ನಾಡಿ ಹಿಡಿದಿದ್ದೆ. ಕೇಳಿಸಿಕೊಂಡೆ ಕೂಡ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಪೋಸ್ಟರು. ಇಂಥ ಸ್ಥಿತಿಯಲ್ಲಿ ಪ್ರಯಾಣ ಬೇಡ, ನೋವಿನ ಮಾತ್ರೆಯನ್ನು ಒಂದು ವಾರಕ್ಕಾಗುವಷ್ಟು ಮಾತ್ರ ಕೊಡುವುದು ನಮ್ಮ ನಿಯಮ, ಮನೆಯಲ್ಲೇ ಇರಿ, ನಾವು ನೋಡಿಕೊಳ್ಳುತ್ತೇವೆ ಎಂದು ಪಟಪಟ ಹೇಳಿದೆ. ಗಾಡಿಯಲ್ಲಿ ಜಾಗವೂ ಇಲ್ಲ ಎಂದೆ. ಪ್ರಶ್ನಾವಳಿಯಲ್ಲಿ 'ಮನೆ' ಎಂಬಲ್ಲಿ ಗುರುತು ಹಾಕಿದೆ. ಸಾಯುವವರು ಏನೇನೋ ಹೇಳುತ್ತಾರೆ, ಕೊನೆಗೆ ಬಯಸುವುದು ಮನೆಯನ್ನೇ ಎಂದು ನನಗೆ ನಾನೇ ಹೇಳಿಕೊಂಡೆ. ಮೇಡಂ ಹತ್ತಿರ ಈ ವಿಷಯ ಎತ್ತಲೂ ಇಲ್ಲ.

ಹೊರಟ ದಿನ ಜೀಪಿನ ಹಿಂದಿನ ಉದ್ದ ಸೀಟಿನಲ್ಲಿ ಸುರುಳಿ ಸುತ್ತಿದ ಪೋಸ್ಟರು ಆರಾಮಾಗಿ ಮಲಗಿ ಬಂತು. ಜಹೀರಾಬಾದ್ ದಾಟುವ ತನಕ ನಾನು ಹಿಂದೆ ತಿರುಗಿ ನೋಡುವುದು, ಮುಂದೆ ನೋಡುವುದು ಮಾಡುತ್ತಲೇ ಇದ್ದೆ. ಏನಾಯಿತು ಎಂದು ಮೇಡಂ ಕೇಳಿದರು. ಪೋಸ್ಟರು ಮಡಚೀತು ಎಂದೆ.

ಸಮ್ಮೇಳನ ದೊಡ್ಡ ಹೋಟೆಲಿನಲ್ಲಿತ್ತು. ಹಲ್ಲು ಕಟಕಟ ಎನ್ನುವಷ್ಟು ಎಸಿ. ದೇಶ ವಿದೇಶದವರು ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ನೋವಿನ ಬಗ್ಗೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಅಣಕಿಸುತ್ತಿಲ್ಲ. ಅಲ್ಲಿ ಕಲಿತದ್ದು ಇವತ್ತಿಗೂ ನನ್ನ ಕೈಯಲ್ಲಿದೆ. ಆದರೆ ಅವತ್ತು ನನಗೆ ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು. ಎರಡನೆಯ ದಿನ ನಮ್ಮ ಪೋಸ್ಟರಿನ ಮುಂದೆ ಬೆಳ್ಳಗಿನ ಕೂದಲಿನ ಪರದೇಶದ ಡಾಕ್ಟರಮ್ಮ ಒಬ್ಬರು ನಿಂತು ಓದಿದರು. ಇವರಿಗೆಲ್ಲ ಮನೆಯೇ ಬೇಕು ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಕೇಳಿಯೇ ಬರೆದುಕೊಂಡಿದ್ದೇವೆ ಎಂದೆ. ಬಹಳ ಚೆನ್ನಾಗಿದೆ ಎಂದು ಕೈ ಕುಲುಕಿ ಹೋದರು. ಮಧ್ಯಾಹ್ನದ ಊಟ ಬಿಟ್ಟು ಮೇಸ್ತ್ರಿಯ ತಮ್ಮನಿಗೆ ಫೋನು ಹಚ್ಚಿದೆ, ಆಟೊ ಹಿಡಿದು ಅವರ ಕಟ್ಟಡ ಹುಡುಕಿಕೊಂಡು ಹೋದೆ.

ಊರಾಚೆ ಅರ್ಧ ಎದ್ದ ಕಟ್ಟಡ. ಕೆಳಗಿನ ಅಂತಸ್ತಿನ ಒಂದು ಮೂಲೆಗೆ ಹಳೆಯ ಸೀರೆಯ ಪರದೆ ಕಟ್ಟಿದ್ದರು. ಒಳಗೆ ಸಿಮೆಂಟಿನ ಧೂಳು ಗುಡಿಸಿ, ಹೊಸ ಚಾಪೆ ಹಾಸಿ, ಬಿಂದಿಗೆಯಲ್ಲಿ ನೀರು ತುಂಬಿಟ್ಟಿದ್ದರು.

"ಅಣ್ಣ ನಿಮ್ಮ ಗಾಡ್ಯಾಗ ಬರ್ತೇನಿ ಅಂದಿದ್ದ ರೀ. ಜಾಗ ಮಾಡಿ ಇಟ್ಟೇವಿ," ಎಂದ ತಮ್ಮ.

ಆ ಚಾಪೆ ನೋಡಿ ನನಗೆ ಅಳು ಬಂತು. ಕರೆತರಲಿಲ್ಲ, ನಾನೇ ಬೇಡ ಅಂದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವರು ತೀರಾ ಸೋತಿದ್ದಾರೆ, ನಿಮ್ಮನ್ನೆಲ್ಲ ಕಾಣಬೇಕು ಅಂತಿದ್ದಾರೆ ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆ? ಏನಾದರೂ ಮಾಡಿ ಆ ಸಂಕಟದಿಂದ ಬಿಡಿಸಿಕೊಳ್ಳಬೇಕಿತ್ತು, ಅಷ್ಟೇ. ಆರು ಜನರೂ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟರು. ಮಾರನೆಯ ದಿನ ಸ್ಲ್ಯಾಬ್ ಹಾಕುವುದಿದೆ, ಹೋಗುವವರು ಹೋದ ಹಾಗೇ ಎಂದು ಗುತ್ತೇದಾರ ಕೂಗಾಡಿದ. ನಾನು ಅವನ ಮುಂದೆ ಕೈ ಬೀಸಿ ಜಗಳವಾಡಿದೆ. ಮನುಷ್ಯತ್ವ ಬೇಡವೇ ಎಂದು ಕೇಳಿದೆ. ಅವತ್ತು ನನಗೆ ನಾನೇ ದೊಡ್ಡವಳಾಗಿ ಕಂಡೆ.

ಮೇಡಂಗೆ ಹೇಳಿ ಮೂರನೆಯ ದಿನದ ಸಮ್ಮೇಳನ ಬಿಟ್ಟೆ. ನಸುಕಿನ ಬಸ್ಸಿಗೆ ಎಲ್ಲರೂ ಬೀದರಿಗೆ ಬಂದೆವು, ಅಲ್ಲಿಂದ ಔರಾದ ಕಡೆಯ ಬಸ್ಸು ಹಿಡಿದೆವು. ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು, ಅವರು ಮಾತ್ರೆ ತೆಗೆದುಕೊಳ್ಳುವ ಹೊತ್ತು. ಎಲ್ಲರಿಗಿಂತ ಮುಂದೆ ನಾನೇ ಒಳಗೆ ಹೋಗಿ, ಯಾರು ಬಂದಿದ್ದಾರೆ ನೋಡಿ ಎಂದೆ.

ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಸ್ಲ್ಯಾಬ್ ಹಾಕಿದಿರಾ ಎಂದು ತಮ್ಮನನ್ನು ಕೇಳಿದರು. ಅದೆಲ್ಲ ಈಗ ಬಿಡು ಅಣ್ಣಾ ಎಂದ ಆತ. ಆಗ ನನ್ನ ಕಡೆ ತಿರುಗಿದರು.

"ನನ್ನನ್ನ ಅಲ್ಲಿಗೆ ಒಯ್ರಿ ಅಂದಿದ್ದೆ. ಇವರನ್ನ ಇಲ್ಲಿಗೆ ತರ್ರಿ ಅಂತ ಯಾರು ಹೇಳಿದ್ರು ನಿಮಗ?"

ಹೆಂಡತಿ ಮಾತ್ರೆ ಬಾಯಿಯ ಹತ್ತಿರ ಹಿಡಿದರು. ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಇವರು ಬಸ್ ಹತ್ತುವ ತನಕ ಒಂದು ಮಾತ್ರೆಯೂ ಮುಟ್ಟುವುದಿಲ್ಲ ಎಂದರು. ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಬೀಳದಿದ್ದರೆ ಅವರ ಹೊಟ್ಟೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಮ್ಮ ಬೇಡಿಕೊಂಡ, ಸಿಟ್ಟು ಮಾಡಿದ, ಕಾಲು ಹಿಡಿದ. ಒಂದಾಯಿತು, ಎರಡಾಯಿತು. ಮೇಸ್ತ್ರಿ ಮೊಣಕಾಲು ಎದೆಗೆ ಎಳೆದುಕೊಂಡು ಬೆವರಲು ಶುರು ಮಾಡಿದರು. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಳದಿಂದ ಒಳಗೆ, ಒಳಗಿನಿಂದ ಅಂಗಳಕ್ಕೆ ಸುತ್ತಿದೆ. ನೋವು ಇಳಿಸುವ ನರ್ಸು ನಾನು. ನಾನು ಅಲ್ಲಿಗೆ ಬಾರದೆ ಇದ್ದಿದ್ದರೆ ಆ ಮಧ್ಯಾಹ್ನ ಅವರಿಗೆ ನೋವೇ ಇರುತ್ತಿರಲಿಲ್ಲ.

ಮೂರರ ಹೊತ್ತಿಗೆ ಅವರ ನರಳಾಟ ಓಣಿಯ ತನಕ ಕೇಳುತ್ತಿತ್ತು. ನಾನೇ ತಮ್ಮನ ಕೈ ಹಿಡಿದೆ. ನಿಮ್ಮನ್ನು ಕರೆತಂದದ್ದು ನನ್ನ ತಪ್ಪು, ಅಣ್ಣ ಕರೆದಿರಲಿಲ್ಲ, ನಾನೇ ಸುಳ್ಳು ಹೇಳಿದೆ, ದಮ್ಮಯ್ಯ, ಹೋಗಿಬಿಡಿ ಎಂದೆ. ಆತ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಆರೂ ಜನ ಅಣ್ಣನ ಕಾಲು ಮುಟ್ಟಿ ನಡೆದೇ ಠಾಣಾ ಕುಶನೂರಿಗೆ ಹೊರಟರು. ಬಸ್ ಹತ್ತಿದೆವು ಎಂದು ಹೆಂಡತಿಯ ಫೋನಿಗೆ ಹೇಳಿದ ಮೇಲೆಯೇ ಮೇಸ್ತ್ರಿ ಬಾಯಿ ತೆರೆದರು. ಮಾತ್ರೆಯನ್ನು ನಾನು ಕೊಟ್ಟೆ. ಅವರು ನನ್ನನ್ನು ಬೈಯಲಿಲ್ಲ. ನಾ ಹೋದ ಮೇಲೆ ಮಣ್ಣು ಆಗೋ ತನಕ ಅವರಿಗೆ ತಿಳಿಸಬ್ಯಾಡ್ರಿ ಎಂದು ನನ್ನಿಂದಲೂ ಹೆಂಡತಿಯಿಂದಲೂ ಮಾತು ತೆಗೆದುಕೊಂಡರು.

ಗುತ್ತೇದಾರ ಅವರ ಜಾಗಕ್ಕೆ ಬೇರೆಯವರನ್ನು ಹಚ್ಚಿಯಾಗಿತ್ತು. ಆರೂ ಜನ ಕೂಲಿಗೆ ಕರೆಯುವವರನ್ನು ಕಾಯುವ ಅಡ್ಡಾದಲ್ಲಿ ನಾಲ್ಕು ದಿನ ನಿಂತ ಮೇಲೆ ಇನ್ನೊಂದು ಕಡೆ ಕೆಲಸ ಸಿಕ್ಕಿತಂತೆ. ಅದನ್ನು ಮೇಸ್ತ್ರಿಗೆ ನಾವು ಹೇಳಲಿಲ್ಲ.

ಅವರೆಲ್ಲ ಬಂದು ಹೋದ ಒಂಬತ್ತನೆಯ ದಿನ ಬೆಳಿಗ್ಗೆ ಅವರು ಹೋದರು. ಊರಲ್ಲಿ ಉಳಿದಿದ್ದ ಇಬ್ಬರು ಮುದುಕರು, ನಮ್ಮ ಡ್ರೈವರ್, ನಾನು ಹೆಗಲು ಕೊಟ್ಟೆವು. ಹೆಂಗಸು ಹೆಗಲು ಕೊಡುವುದೇ ಎಂದು ಕೇಳುವುದಕ್ಕೂ ಅಲ್ಲಿ ಮಂದಿ ಇರಲಿಲ್ಲ. ಮಣ್ಣು ಮುಗಿಸಿ ಕೈಕಾಲು ತೊಳೆದ ಮೇಲೆ ಹೆಂಡತಿ ಮೈದುನನಿಗೆ ಫೋನು ಮಾಡಿದರು. ಎರಡು ಮಾತು ಆಡುವಷ್ಟರಲ್ಲಿ ಅವರಿಗೆ ದನಿ ಹೊರಡದೆ ಫೋನನ್ನು ನನ್ನ ಕೈಗೆ ಕೊಟ್ಟರು.

"ಅವತ್ತು ಅಣ್ಣ ಕರೀದಿದ್ರೂ ಕರ್ಕೊಂಡು ಹೋದ್ರಿ," ಎಂದ ಆತ ಅಳುತ್ತ. "ಇವತ್ತು ಅಣ್ಣ ಸತ್ತಾಗ ಯಾಕ ಕರೀಲಿಲ್ರಿ ಸಿಸ್ಟರ್?"

"ಅವರು ಬ್ಯಾಡ ಅಂದಿದ್ರು," ಎಂದೆ.

ಆತ ಫೋನು ಇಟ್ಟ.