ದಸ್ತಗೀರನ ಕೈಯ ಹಗ್ಗ

ಮಾನ್ವಿಯ ಬಜಾರಿನಲ್ಲಿ ತಾಡಪಾಲು ಹೊಲಿಯುವ ಗುಲಾಮ್ ದಸ್ತಗೀರ್, ಮೀಸೆ ಚಿಗುರಿದಾಗಿನಿಂದಲೂ ಯುವಕ ಸಂಘದ ಮನರಂಜನೆ ಕಾರ್ಯಕ್ರಮಗಳಿಗೆ ಪರದೆ ಎಳೆಯುವವನು. ಪ್ರಹಸನಗಳ ಕಾಲ ಹೋಗಿ ಮಿಮಿಕ್ರಿ, ರೆಕಾರ್ಡ್ ಡ್ಯಾನ್ಸ್ ಬಂದರೂ ಅವನ ಪದ್ಧತಿ ಮಾತ್ರ ಬದಲಾಗಲಿಲ್ಲ. ಜನ ಆಕಳಿಸಿದರೆ ಮುಗಿಯಿತು, ಯಾರನ್ನೂ ಕೇಳದೆ ಪರದೆ ಎಳೆದುಬಿಡುತ್ತಿದ್ದ. ಸಂಘದ ಅಧ್ಯಕ್ಷನ ಹಾಡನ್ನೂ ಬಿಟ್ಟವನಲ್ಲ. ಒಳಗೆ ಹುಡುಗರು ಬೈಯುತ್ತಿದ್ದರು, ಹೊರಗೆ ಜನ ಸಿಳ್ಳೆ ಹೊಡೆಯುತ್ತಿದ್ದರು.

ಈ ವರ್ಷ ಸಂಘದ ಕಾರ್ಯದರ್ಶಿ ದುರುಗೇಶ ಅಂಗಡಿಗೇ ಚಹಾ ಹಿಡಿದು ಬಂದ.

"ಚಾಚಾ, ಈ ಸಲ ನೀವು ಸ್ಟೇಜ್ ಮ್ಯಾಲ ಕುರ್ಚ್ಯಾಗ ಕೂಡ್ರಿ. ನಿಮಗ ಸನ್ಮಾನ ಅದ."

ದಸ್ತಗೀರ್ ಚಹಾದ ಲೋಟ ಕೆಳಗಿಟ್ಟ. ಇಷ್ಟು ವರ್ಷ ಬೈದವರಿಗೆ ಈಗೇಕೆ ಈ ಅಕ್ಕರೆ?

"ಮತ್ತ ಹಗ್ಗ ಯಾರ ಕೈಯಾಗ?"

"ಅದರ ಚಿಂತಿ ನಿಮಗ್ಯಾಕ್ರಿ?" ಎಂದು ದುರುಗೇಶ ನಕ್ಕ.

ಆ ನಗುವಿನಲ್ಲೇ ಅನುಮಾನ ಗಟ್ಟಿಯಾಯಿತು. ಶಾಲು ಹೊದಿಸುವ ನೆಪದಲ್ಲಿ ಇವರು ಹಗ್ಗ ಕಸಿಯುತ್ತಿದ್ದಾರೆ!

ಕಾರ್ಯಕ್ರಮದ ಸಂಜೆ ಶಾಲು ಹೊದಿಸಿದರು, ಹಾರ ಹಾಕಿದರು. ದುರುಗೇಶ ಮೈಕ್ ಹಿಡಿದು ದಸ್ತಗೀರನನ್ನು ಹೊಗಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ, ಅವನ ಹಿಂದೆ ಇನ್ನೊಬ್ಬ. ಪರದೆಯ ಪಕ್ಕ ಹಗ್ಗ ಹಿಡಿದಿದ್ದ ಸಂಘದ ಹುಡುಗ ಎಳೆಯದೆ ನಿಂತಿದ್ದ.

ದಸ್ತಗೀರ್ ಕುರ್ಚಿಯಿಂದ ಎದ್ದ. ಶಾಲು ಹೊದ್ದುಕೊಂಡೇ ಪಕ್ಕಕ್ಕೆ ಹೋಗಿ ಹಗ್ಗ ಕಿತ್ತುಕೊಂಡ.

"ಜನ ಆಕಳಸಾಕತ್ತಾರ, ಕಾಣಂಗಿಲ್ಲೇನ್ಲೇ?"

ತನ್ನ ಸನ್ಮಾನದ ಮೇಲೆ ತಾನೇ ಪರದೆ ಎಳೆದ. ಹೊರಗೆ ಸಿಳ್ಳೆ ಮುಗಿಲು ಮುಟ್ಟಿತು.